ಕೀಫ್ರೇಮ್ ಅಳಿಸಿದರೆ ಟ್ರ್ಯಾಕಿಂಗ್‌ಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ದಿನದ ಬಹುಪಾಲು ಮೊಬೈಲ್ ಪರದೆ ಬದಲಿಸುವುದು, ಅಂಗಡಿಯ ಬೋರ್ಡ್ ಮೇಲೆ ಬೇರೆ ಬೋರ್ಡ್ ಕೂರಿಸುವುದು, ಗೋಡೆಯ ಮೇಲಿನ ಬೇಡದ ಪೋಸ್ಟರ್ ಅಳಿಸುವುದು, ಇಂಥ ಕೆಲಸಗಳಲ್ಲೇ ಕಳೆಯುತ್ತದೆ. ಹೊಸದಾಗಿ ಕಾಂಪೋಸಿಟಿಂಗ್ (ಬೇರೆ ಬೇರೆ ಚಿತ್ರಗಳನ್ನು ಒಂದೇ ದೃಶ್ಯವಾಗಿ ಬೆಸೆಯುವ ಕೆಲಸ) ಕಲಿಯಲು ಬಂದವರು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಟ್ರ್ಯಾಕಿಂಗ್ ಬಗ್ಗೆ, ಅಂದರೆ ಚಿತ್ರದ ಒಂದು ಗುರುತನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸುವುದರ ಬಗ್ಗೆ, ಅದರಲ್ಲೂ ಕೀಫ್ರೇಮ್ (ಒಂದು ಫ್ರೇಮಿಗೆಂದು ಬರೆದಿಟ್ಟ ಬೆಲೆ ಅಥವಾ ಅಂಕಿ) ಅಳಿಸುವುದರ ಬಗ್ಗೆ ಇರುತ್ತವೆ. ಅವುಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ.

ಟ್ರ್ಯಾಕಿಂಗ್‌ನ ಕೀಫ್ರೇಮ್ ಮತ್ತು ಅನಿಮೇಷನ್‌ನ ಕೀಫ್ರೇಮ್ ಒಂದೇ ಅಲ್ಲವೇ?

ನೋಡಲು ಒಂದೇ, ಸ್ವಭಾವ ಬೇರೆ. ಕೀಫ್ರೇಮ್ ಎಂಬ ಮಾತು ಬಂದದ್ದು ಕೈಯಿಂದ ಬಿಡಿಸುವ ಅನಿಮೇಷನ್‌ನಿಂದ. ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನು ಬಿಡಿಸುತ್ತಿದ್ದರು, ನಡುವಿನ ಚಿತ್ರಗಳನ್ನು ಸಹಾಯಕರು ತುಂಬುತ್ತಿದ್ದರು. 1970ರ ದಶಕದ ಆರಂಭದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್ ಆ ಸಹಾಯಕರ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದರು. ಅಂಥ ಕೀಫ್ರೇಮ್ ಕಲಾವಿದನ ನಿರ್ಧಾರ. ಅದು ಎಷ್ಟು ಕಡಿಮೆ ಇದ್ದರೆ ಅಷ್ಟು ಚಂದ, ಚಲನೆ ಅಷ್ಟು ನಯ.

ಟ್ರ್ಯಾಕರ್ ಬರೆಯುವ ಕೀಫ್ರೇಮ್ ಯಾರ ನಿರ್ಧಾರವೂ ಅಲ್ಲ, ಅದೊಂದು ಅಳತೆ. ಸಾಫ್ಟ್‌ವೇರ್ ಪ್ರತಿ ಫ್ರೇಮಿನಲ್ಲೂ ಚಿತ್ರವನ್ನು ನೋಡಿ, 'ಈ ಚುಕ್ಕೆ ಈಗ ಇಲ್ಲಿದೆ' ಎಂದು ಗುರುತು ಹಾಕುತ್ತದೆ. ಸರ್ವೆಯವರು ಹೊಲದ ಅಂಚಿನಲ್ಲಿ ನೆಡುವ ಕಲ್ಲಿನ ಹಾಗೆ. ಒಂದು ಕಲ್ಲು ಕಿತ್ತು ಉಳಿದೆರಡರ ನಡುವೆ ಹಗ್ಗ ಎಳೆದರೆ ಗಡಿ ನೇರವಾಗಿ ಕಾಣುತ್ತದೆ ನಿಜ. ಆದರೆ ಹಳ್ಳದ ಪಕ್ಕದಲ್ಲಿ ಹೊಲ ನಿಜವಾಗಿ ಬಾಗಿತ್ತಲ್ಲ, ಆ ಬಾಗು ಹೋಯಿತು. ಈ ಪುಟದಲ್ಲಿ ನಾನು ಹೇಳುವ ಉಳಿದೆಲ್ಲ ಮಾತೂ ಈ ವ್ಯತ್ಯಾಸದಿಂದಲೇ ಹುಟ್ಟಿದ್ದು.

ಒಂದು ಕೀಫ್ರೇಮ್ ಅಳಿಸಿದಾಗ ಆ ಫ್ರೇಮಿನಲ್ಲಿ ಏನು ಉಳಿಯುತ್ತದೆ?

ಊಹೆ ಉಳಿಯುತ್ತದೆ. ಹಿಂದಿನ ಮತ್ತು ಮುಂದಿನ ಕೀಫ್ರೇಮ್‌ಗಳನ್ನು ನೋಡಿ ಸಾಫ್ಟ್‌ವೇರ್ ನಡುವಿನ ಬೆಲೆಯನ್ನು ತಾನೇ ಲೆಕ್ಕ ಹಾಕುತ್ತದೆ. ಇದಕ್ಕೆ ಇಂಟರ್ಪೊಲೇಷನ್ ಎನ್ನುತ್ತೇವೆ. ಲೀನಿಯರ್ ಆದರೆ ನೇರ ಗೆರೆ, ಬೆಜಿಯರ್ ಅಥವಾ ಸ್ಮೂತ್ ಆದರೆ ಬಾಗಿದ ಗೆರೆ, ಹೋಲ್ಡ್ ಆದರೆ ಮುಂದಿನ ಕೀಫ್ರೇಮ್ ಬರುವ ತನಕ ನಿಂತಲ್ಲೇ ನಿಲ್ಲುವುದು.

ಇಲ್ಲೊಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಆಫ್ಟರ್ ಎಫೆಕ್ಟ್ಸ್ ಎಂಬ ಕಾಂಪೋಸಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಪೊಸಿಷನ್‌ನ ಕಾಲದ ಇಂಟರ್ಪೊಲೇಷನ್ (ಚಲನೆಯ ವೇಗ) ಮೊದಲಿಗೆ ಲೀನಿಯರ್ ಇರುತ್ತದೆ, ಜಾಗದ ಇಂಟರ್ಪೊಲೇಷನ್ (ಹಾದಿಯ ಆಕಾರ) ಮಾತ್ರ ಆಟೋ ಬೆಜಿಯರ್. ಪ್ರತಿ ಫ್ರೇಮಿಗೂ ಕೀಫ್ರೇಮ್ ಇರುವಾಗ ಇದು ಕಣ್ಣಿಗೆ ಬೀಳುವುದಿಲ್ಲ. ನಡುವಿನ ಎಂಟು ಹತ್ತು ಕೀಫ್ರೇಮ್ ತೆಗೆದ ತಕ್ಷಣ ಹಾದಿ ಹೊಟ್ಟೆ ಬಿಟ್ಟಂತೆ ಹೊರಕ್ಕೆ ಉಬ್ಬುತ್ತದೆ. ಎರಡು ಕೀಫ್ರೇಮ್‌ಗಳ ಬೆಲೆ ಒಂದೇ ಇದ್ದರೂ ನಡುವೆ ಚಿತ್ರ ಸ್ವಲ್ಪ ಆಚೆ ಹೋಗಿ ವಾಪಸ್ ಬರುವುದುಂಟು. ಪ್ರಿಫರೆನ್ಸಸ್‌ನ ಜನರಲ್ ವಿಭಾಗದಲ್ಲಿ ಜಾಗದ ಇಂಟರ್ಪೊಲೇಷನ್ ಅನ್ನು ಲೀನಿಯರ್ ಮಾಡುವ ಆಯ್ಕೆ ಇದೆ. ಟ್ರ್ಯಾಕಿಂಗ್ ಮಾಡುವವರು ಅದನ್ನು ಒತ್ತಿಟ್ಟುಕೊಳ್ಳುವುದು ಒಳ್ಳೆಯದು.

ಟ್ರ್ಯಾಕ್ ನಡುಗುತ್ತಿದೆ. ಒಂದು ಬಿಟ್ಟು ಒಂದು ಕೀಫ್ರೇಮ್ ಅಳಿಸಿದರೆ ನಡುಕ ಹೋಗುವುದಿಲ್ಲವೇ?

ಹೋಗುತ್ತದೆ. ಜೊತೆಗೆ ಕ್ಯಾಮೆರಾದ ನಿಜವಾದ ನಡುಕವೂ ಹೋಗುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಲೆಕ್ಕ ಹಾಕಿ ನೋಡೋಣ. ಶಾಟ್ ಸೆಕೆಂಡಿಗೆ 24 ಫ್ರೇಮಿನದು ಎನ್ನಿ. ಒಂದು ಬಿಟ್ಟು ಒಂದು ಅಳಿಸಿದರೆ ಸೆಕೆಂಡಿಗೆ 12 ಅಳತೆಗಳು ಉಳಿಯುತ್ತವೆ. 12 ಅಳತೆಗಳಿಂದ ಹೆಚ್ಚೆಂದರೆ ಸೆಕೆಂಡಿಗೆ 6 ಬಾರಿ ಹೋಗಿ ಬರುವ ಚಲನೆಯನ್ನು ಹಿಡಿಯಬಹುದು, ಅದಕ್ಕಿಂತ ವೇಗದ್ದು ಬಲೆಯ ಕಣ್ಣಿನಿಂದ ನುಸುಳಿ ಹೋಗುತ್ತದೆ. ಮನುಷ್ಯನ ಕೈಯ ಸಹಜ ನಡುಕ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ. ಅಂದರೆ ಕೈಯಲ್ಲಿ ಹಿಡಿದು ತೆಗೆದ ಶಾಟ್‌ಗೆ ಜೀವ ಕೊಡುವ ಆ ಸಣ್ಣ ಅದುರೇ ಮೊದಲು ಮಾಯ. ನಾಲ್ಕರಲ್ಲಿ ಒಂದನ್ನು ಮಾತ್ರ ಉಳಿಸಿದರೆ ಮಿತಿ ಸೆಕೆಂಡಿಗೆ 3ಕ್ಕೆ ಇಳಿಯುತ್ತದೆ.

ಕೆಲಸ ಕಲಿಯುವ ದಿನಗಳಲ್ಲಿ ಒಂದು ಜಾಹೀರಾತಿನ ಶಾಟ್ ನನ್ನ ಪಾಲಿಗೆ ಬಂದಿತ್ತು. ಅಂಗಡಿಯ ಬೋರ್ಡ್ ಬದಲಿಸಬೇಕು, ಕ್ಯಾಮೆರಾ ಭುಜದ ಮೇಲೆ. ಗ್ರಾಫ್‌ನಲ್ಲಿ ಗೆರೆ ಗರಗಸದ ಹಲ್ಲಿನಂತೆ ಕಂಡಿತು. ಕಣ್ಣಿಗೆ ಹಿತವಾಗಲಿ ಎಂದು ಅರ್ಧಕ್ಕರ್ಧ ಕೀಫ್ರೇಮ್ ಕಿತ್ತು ಹಾಕಿದೆ. ಗೆರೆ ರೇಷ್ಮೆಯಂತಾಯಿತು, ನನಗೆ ಹೆಮ್ಮೆಯೂ ಆಯಿತು. ಪ್ಲೇಟ್ (ಕ್ಯಾಮೆರಾ ತೆಗೆದ ಮೂಲ ದೃಶ್ಯ) ಮೇಲೆ ಇಟ್ಟು ಓಡಿಸಿದಾಗ ಬೋರ್ಡ್ ಗೋಡೆಗೆ ಅಂಟಿಕೊಂಡಿರಲಿಲ್ಲ, ಗೋಡೆಯ ಮುಂದೆ ದೋಣಿಯಂತೆ ತೇಲುತ್ತಿತ್ತು. ಶಾಟ್ ಅದೇ ಸಂಜೆ ವಾಪಸ್ ಬಂತು. ಗೆರೆಯ ಅಂದವನ್ನು ಯಾರೂ ನೋಡುವುದಿಲ್ಲ. ಪ್ಲೇಟ್ ನಡುಗಿದರೆ ಬೋರ್ಡೂ ಅಷ್ಟೇ ನಡುಗಬೇಕು.

ಗ್ರಾಫ್‌ನ ನಡುಕ ಕ್ಯಾಮೆರಾದ್ದೋ ಟ್ರ್ಯಾಕರಿನ ತಪ್ಪೋ ಎಂದು ತಿಳಿಯಲು ಸುಲಭದ ದಾರಿ: ಅದೇ ಸಮತಲದಲ್ಲಿ ಇನ್ನೊಂದು ಬಿಂದುವನ್ನು ಟ್ರ್ಯಾಕ್ ಮಾಡಿ, ಎರಡೂ ಗೆರೆಗಳನ್ನು ಒಟ್ಟಿಗೆ ನೋಡಿ. ಎರಡೂ ಒಂದೇ ಫ್ರೇಮಿನಲ್ಲಿ ಒಂದೇ ಕಡೆಗೆ ಹಾರಿದರೆ ಅದು ಕ್ಯಾಮೆರಾ, ಮುಟ್ಟಬೇಡಿ. ಒಂದು ಮಾತ್ರ ಹಾರಿದರೆ ಅದು ತಪ್ಪು ಅಳತೆ.

ಹಾಗಾದರೆ ಕೀಫ್ರೇಮ್ ಅಳಿಸಲೇಬಾರದೇ?

ಹಾಗಲ್ಲ. ಸುಳ್ಳು ಹೇಳುವ ಕೀಫ್ರೇಮನ್ನು ಧಾರಾಳವಾಗಿ ಅಳಿಸಿ. ಯಾರೋ ಫ್ಲಾಶ್ ಹೊಡೆದರು, ಒಂದು ಫ್ರೇಮ್ ಬೆಳ್ಳಗಾಯಿತು, ಟ್ರ್ಯಾಕರ್ ಪಕ್ಕದ ಮೊಳೆಗೆ ಹಾರಿ ಮುಂದಿನ ಫ್ರೇಮಿನಲ್ಲಿ ವಾಪಸ್ ಬಂತು. ಗ್ರಾಫ್‌ನಲ್ಲಿ ಒಂಟಿ ಮುಳ್ಳು ಕಾಣುತ್ತದೆ. ಅದನ್ನು ತೆಗೆದರೆ ನಷ್ಟವಿಲ್ಲ, ಏಕೆಂದರೆ ಅಲ್ಲಿ ಅಳತೆಯೇ ಇರಲಿಲ್ಲ.

ಇನ್ನೊಂದು ಸಂದರ್ಭ ಟ್ರೈಪಾಡ್ ಶಾಟ್. ಕ್ಯಾಮೆರಾ ಅಲುಗಿಯೇ ಇಲ್ಲ, ಆದರೂ ಟ್ರ್ಯಾಕ್ ಮಾಡಿದಾಗ ಬಿಂದು ಒಂದು ಪಿಕ್ಸೆಲ್‌ಗಿಂತ ಕಡಿಮೆ ಅಂತರದಲ್ಲಿ ಕುದಿಯುತ್ತಿರುತ್ತದೆ. ಅದು ಚಿತ್ರದ ಗ್ರೇನ್ ಮತ್ತು ನಾಯ್ಸ್‌ನ ಕೆಲಸ. ಅಲ್ಲಿ ಒಂದೇ ಒಂದು ಕೀಫ್ರೇಮ್ ಉಳಿಸಿ ಉಳಿದದ್ದನ್ನೆಲ್ಲ ಅಳಿಸಿಬಿಡಿ. ಅಥವಾ ಟ್ರ್ಯಾಕ್ ಮಾಡುವ ತಂಟೆಗೇ ಹೋಗಬೇಡಿ.

ಡಾಲಿ ಅಥವಾ ಸ್ಲೈಡರ್ ಮೇಲೆ ನಿಧಾನವಾಗಿ ಸರಿಯುವ ಶಾಟ್ ಈ ಎರಡರ ನಡುವಿನದು. ಚಲನೆ ನಿಜ, ಆದರೆ ನಯವಾದದ್ದು. ಇಲ್ಲಿ ಕೈಯಿಂದ ಅಳಿಸುವ ಬದಲು ಗೆರೆಯನ್ನು ನಯ ಮಾಡುವ ಆಫ್ಟರ್ ಎಫೆಕ್ಟ್ಸ್‌ನ ಸ್ಮೂದರ್ ಬಳಸಿ. ಅದರ ಟಾಲರೆನ್ಸ್‌ನಲ್ಲಿ ಕೊಟ್ಟ ಅಂಕಿಗಿಂತ ಹೆಚ್ಚಾಗಿ ಹೊಸ ಗೆರೆ ಹಳೆಯ ಗೆರೆಯಿಂದ ದೂರ ಹೋಗುವುದಿಲ್ಲ. ಪೊಸಿಷನ್‌ಗಾದರೆ ಆ ಅಂಕಿ ಪಿಕ್ಸೆಲ್‌ನಲ್ಲಿರುತ್ತದೆ. ಎಷ್ಟು ಸುಳ್ಳನ್ನು ಒಪ್ಪುತ್ತೀರಿ ಎಂದು ಮೊದಲೇ ಹೇಳಿ ಅಳಿಸುವುದು ಕುರುಡಾಗಿ ಅಳಿಸುವುದಕ್ಕಿಂತ ಎಷ್ಟೋ ವಾಸಿ.

ಮೊಬೈಲ್ ಪರದೆಯ ಮೂಲೆಯ ಮೇಲೆ ಹೆಬ್ಬೆರಳು ಹಾದುಹೋಗುತ್ತದೆ. ಆ ಫ್ರೇಮ್‌ಗಳ ಕೀಫ್ರೇಮ್ ಅಳಿಸಿದರೆ ಸಾಕೇ?

ಅಳಿಸಲೇಬೇಕು, ಆದರೆ ಅಷ್ಟೇ ಸಾಲದು. ಒಂದು ಉದಾಹರಣೆಯನ್ನು ಅಂಕಿಗಳ ಸಮೇತ ನೋಡೋಣ.

ಶಾಟ್ 1001ನೇ ಫ್ರೇಮಿನಿಂದ ಆರಂಭ. 1043ರಿಂದ 1047ರವರೆಗೆ ಪರದೆಯ ಕೆಳಗಿನ ಬಲಮೂಲೆ ಹೆಬ್ಬೆರಳಿನ ಅಡಿಯಲ್ಲಿದೆ. ಹೆಚ್ಚಿನವರು ಈ ಐದು ಕೀಫ್ರೇಮ್‌ಗಳನ್ನಷ್ಟೇ ಅಳಿಸುತ್ತಾರೆ. ಮೊದಲ ತಪ್ಪು ಇಲ್ಲೇ. ಟ್ರ್ಯಾಕರ್ ನೋಡುವುದು ಮೂಲೆಯ ಒಂದು ಚುಕ್ಕೆಯನ್ನಲ್ಲ, ಅದರ ಸುತ್ತಲಿನ ಪೆಟ್ಟಿಗೆಯನ್ನು. ಬೆರಳಿನ ಅಂಚು ಆ ಪೆಟ್ಟಿಗೆಯೊಳಗೆ ಬಂದದ್ದು 1041ರಲ್ಲೇ, ಪೂರ್ತಿ ಹೊರಗೆ ಹೋದದ್ದು 1049 ಮುಗಿದ ಮೇಲೆ. ಹಾಗಾಗಿ 1041, 1042ರ ಬೆಲೆಗಳು ಬೆರಳಿನ ಕಡೆಗೆ ಸ್ವಲ್ಪ ವಾಲಿರುತ್ತವೆ. ಅವನ್ನು ಉಳಿಸಿಕೊಂಡರೆ ಊಹೆ ಹೊರಡುವುದೇ ತಪ್ಪು ಜಾಗದಿಂದ. 1041ರಿಂದ 1049ರವರೆಗೆ ಒಂಬತ್ತೂ ಹೋಗಬೇಕು, ನಂಬಬಹುದಾದದ್ದು 1040 ಮತ್ತು 1050 ಮಾತ್ರ.

ಈಗ ಎರಡನೆಯ ತೊಂದರೆ. ಕೆಳಗಿನ ಎಡಮೂಲೆ ಪೂರ್ತಿ ಕಾಣುತ್ತಿದೆ, ಅದರ ಟ್ರ್ಯಾಕ್ ಚೆನ್ನಾಗಿದೆ. ಅದು 1045ರಲ್ಲಿ 4 ಪಿಕ್ಸೆಲ್ ಮೇಲಕ್ಕೆ ಹೋಗಿ 1050ಕ್ಕೆ ಕೆಳಗೆ ಇಳಿದಿದೆ ಎನ್ನಿ. ಕೈ ಎಗರಿತು, ಅಷ್ಟೇ. ಬಲಮೂಲೆಗೆ ನಾವು ಎಳೆದದ್ದು ನೇರ ಗೆರೆ, ಅದಕ್ಕೆ ಈ ಎಗರು ಗೊತ್ತೇ ಇಲ್ಲ. ಎಡಮೂಲೆ ಏರಿತು, ಬಲಮೂಲೆ ಕೂತಲ್ಲೇ ಕೂತಿತು, ಹೊಸ ಪರದೆ ಓರೆಯಾಯಿತು, ಅಂಚಿನಲ್ಲಿ ಹಳೆಯ ಪರದೆಯ ಬೆಳಕು ಇಣುಕಿತು.

ಪರಿಹಾರವಿದು. ಮೂಲೆಯ ಜಾಗವನ್ನು ಊಹಿಸಬೇಡಿ, ಎರಡು ಮೂಲೆಗಳ ನಡುವಿನ ಅಂತರವನ್ನು ಊಹಿಸಿ. 1040ರಲ್ಲಿ ಬಲಮೂಲೆ ಎಡಮೂಲೆಯಿಂದ ಬಲಕ್ಕೆ 310, ಮೇಲಕ್ಕೆ 12 ಪಿಕ್ಸೆಲ್ ದೂರ. 1050ರಲ್ಲಿ ಬಲಕ್ಕೆ 313, ಮೇಲಕ್ಕೆ 10. ಜಾಗ ಎಷ್ಟೇ ಕುಣಿಯಲಿ, ಅಂತರ ಮಾತ್ರ ಮೆಲ್ಲಗೆ ಬದಲಾಗುತ್ತದೆ. ಆದ್ದರಿಂದ ನೇರ ಗೆರೆಯ ಊಹೆ ಇದಕ್ಕೆ ಒಪ್ಪುತ್ತದೆ. ನಟ್ಟನಡುವಿನ 1045ರಲ್ಲಿ ಅಂತರ 311.5 ಮತ್ತು 11. ಅದನ್ನು 1045ರ ಎಡಮೂಲೆಯ ನಿಜವಾದ ಅಳತೆಗೆ ಕೂಡಿಸಿದರೆ 4 ಪಿಕ್ಸೆಲ್‌ನ ಎಗರು ತಾನಾಗಿಯೇ ಒಳಗೆ ಬರುತ್ತದೆ. ಕೈಯಲ್ಲಿ ಲೆಕ್ಕ ಮಾಡುವ ಅಗತ್ಯವಿಲ್ಲ. ಎಡಮೂಲೆಯ ಡೇಟಾವನ್ನು ಒಂದು ನಲ್‌ಗೆ (ಚಿತ್ರದಲ್ಲಿ ಕಾಣದ ಖಾಲಿ ಲೇಯರ್) ಕೊಡಿ, ಬಲಮೂಲೆಗೆ ಇನ್ನೊಂದು ನಲ್ ಮಾಡಿ ಮೊದಲನೆಯದಕ್ಕೆ ಪೇರೆಂಟ್ ಮಾಡಿ (ಅದರ ಜೊತೆಗೇ ಚಲಿಸುವಂತೆ ಕಟ್ಟಿ), ಅದರ ಮೇಲೆ 1040 ಮತ್ತು 1050ರಲ್ಲಿ ಎರಡೇ ಕೀಫ್ರೇಮ್ ಹಾಕಿ. ಬೆರಳನ್ನು ಮೇಲೆ ತರಲು ರೋಟೋ (ಅದರ ಸುತ್ತ ಗೆರೆ ಎಳೆದು ಬೇರ್ಪಡಿಸುವ ಕೆಲಸ) ಹೇಗೂ ಮಾಡಲೇಬೇಕು, ಅದರಿಂದ ತಪ್ಪಿಸಿಕೊಳ್ಳುವ ದಾರಿಯನ್ನು ನಾನಿನ್ನೂ ಕಂಡಿಲ್ಲ.

ನಾಲ್ಕು ಮೂಲೆಗಳ ಟ್ರ್ಯಾಕ್‌ನಲ್ಲಿ ಒಂದೇ ಮೂಲೆಯ ಕೀಫ್ರೇಮ್ ಅಳಿಸಬಹುದೇ?

ಅಳಿಸಬಹುದು, ಆದರೆ ಮೇಲೆ ಹೇಳಿದಂತೆ ಆ ಮೂಲೆಯನ್ನು ಉಳಿದವುಗಳಿಗೆ ಕಟ್ಟಿ. ಬಿಟ್ಟರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬಂತಾಗುತ್ತದೆ. ಚಿತ್ರದ ನಾಲ್ಕು ಮೂಲೆಗಳನ್ನು ನಾಲ್ಕು ಬಿಂದುಗಳಿಗೆ ಕಟ್ಟುವ ಕಾರ್ನರ್ ಪಿನ್‌ನಲ್ಲಿ ಒಂದು ಮೂಲೆ 2 ಪಿಕ್ಸೆಲ್ ತಪ್ಪಿದರೂ ಇಡೀ ಚೌಕದ ಪರ್ಸ್ಪೆಕ್ಟಿವ್ ತಿರುಚುತ್ತದೆ, ಪರದೆ ಉಸಿರಾಡಿದಂತೆ ಕಾಣುತ್ತದೆ. ಪರ್ಸ್ಪೆಕ್ಟಿವ್ ತೀರಾ ಕಡಿಮೆ ಇರುವ ಶಾಟ್ ಆದರೆ ಮೂರು ಮೂಲೆಗಳಿಂದ ನಾಲ್ಕನೆಯದನ್ನು ಪಡೆಯಬಹುದು: ಮೇಲಿನ ಬಲಮೂಲೆಗೆ ಕೆಳಗಿನ ಎಡಮೂಲೆಯನ್ನು ಕೂಡಿಸಿ, ಮೇಲಿನ ಎಡಮೂಲೆಯನ್ನು ಕಳೆದರೆ ಕೆಳಗಿನ ಬಲಮೂಲೆ ಹೆಚ್ಚುಕಡಿಮೆ ಸಿಗುತ್ತದೆ. ಓರೆಯಾಗಿ ಹಿಡಿದ ಮೊಬೈಲಿಗೆ ಈ ಲೆಕ್ಕ ನಡೆಯದು.

ಆಫ್ಟರ್ ಎಫೆಕ್ಟ್ಸ್‌ನಲ್ಲಿ ಟ್ರ್ಯಾಕ್ ಪಾಯಿಂಟ್‌ನ ಕೀಫ್ರೇಮ್ ಅಳಿಸಿದೆ. ಚಿತ್ರದಲ್ಲಿ ಏನೂ ಬದಲಾಗಲಿಲ್ಲ. ಏಕೆ?

ಹುತ್ತ ಬಡಿದರೆ ಹಾವು ಸಾಯುವುದಿಲ್ಲ. ನೀವು ಅಪ್ಲೈ ಒತ್ತಿದ ಗಳಿಗೆಯಲ್ಲಿ ಡೇಟಾದ ಒಂದು ನಕಲು ಟಾರ್ಗೆಟ್ ಲೇಯರ್‌ಗೆ (ಟ್ರ್ಯಾಕ್‌ನಂತೆ ಚಲಿಸಬೇಕಾದ ಲೇಯರ್) ಹೋಗಿ ಕೂತಿದೆ. ಆಮೇಲೆ ಮೂಲದಲ್ಲಿ ಏನೇ ಅಳಿಸಿದರೂ ಆ ನಕಲಿಗೆ ಗೊತ್ತಾಗುವುದಿಲ್ಲ. ಮತ್ತೆ ಅಪ್ಲೈ ಮಾಡಬೇಕು.

ಇನ್ನೊಂದು ಗೊಂದಲವೂ ಇದೆ. ಪ್ರತಿ ಟ್ರ್ಯಾಕ್ ಪಾಯಿಂಟ್‌ನ ಅಡಿಯಲ್ಲಿ ಫೀಚರ್ ಸೆಂಟರ್ (ಹಿಂಬಾಲಿಸುವ ಗುರುತಿನ ನಡು), ಕಾನ್ಫಿಡೆನ್ಸ್ (ಹೋಲಿಕೆ ಎಷ್ಟು ಖಚಿತ ಎಂಬ ಅಂಕಿ), ಅಟ್ಯಾಚ್ ಪಾಯಿಂಟ್ (ಟಾರ್ಗೆಟ್ ಅಂಟುವ ಜಾಗ) ಎಂದು ಮೂರು ಸಾಲು ಕೀಫ್ರೇಮ್ ಕಾಣುತ್ತವೆ. ಟಾರ್ಗೆಟ್‌ಗೆ ಹೋಗುವುದು ಅಟ್ಯಾಚ್ ಪಾಯಿಂಟ್‌ನ ಬೆಲೆ. ಫೀಚರ್ ಸೆಂಟರ್‌ನದನ್ನು ಎಷ್ಟು ಅಳಿಸಿದರೂ ಫಲಿತಾಂಶ ಅಲ್ಲಾಡುವುದಿಲ್ಲ. ಮಾರ್ಕ್ ಮಾಡಿದ ವಸ್ತು ಮರೆಯಾದಾಗ ಪಕ್ಕದ ಬೇರೊಂದು ಗುರುತಿಗೆ ಪೆಟ್ಟಿಗೆಯನ್ನು ಸರಿಸಬೇಕಾದರೆ ಆಲ್ಟ್ ಒತ್ತಿ ಎಳೆಯಿರಿ. ಆಗ ಅಟ್ಯಾಚ್ ಪಾಯಿಂಟ್ ಇದ್ದಲ್ಲೇ ಇರುತ್ತದೆ, ಕೀಫ್ರೇಮ್ ಅಳಿಸುವ ಪ್ರಸಂಗವೇ ಬಾರದು.

ಕೆಟ್ಟ ಕೀಫ್ರೇಮ್ ಯಾವುದೆಂದು ಬೇಗ ಕಂಡುಹಿಡಿಯುವುದು ಹೇಗೆ?

ಕಾನ್ಫಿಡೆನ್ಸ್ ಸಾಲನ್ನು ಗ್ರಾಫ್ ಎಡಿಟರ್‌ನಲ್ಲಿ ತೆರೆಯಿರಿ, ಗೆರೆ ಕೆಳಗೆ ಬಿದ್ದ ಜಾಗಗಳೇ ಅನುಮಾನದ ಜಾಗಗಳು. ಆದರೆ ಅದನ್ನೇ ನಂಬಿ ಕೂರಬೇಡಿ. ಟ್ರ್ಯಾಕರ್ ತಪ್ಪು ಮೊಳೆಯನ್ನು ಪೂರ್ಣ ವಿಶ್ವಾಸದಿಂದ ಹಿಂಬಾಲಿಸುವುದನ್ನು ನಾನು ನೋಡಿದ್ದೇನೆ. ಖಚಿತ ದಾರಿ: ಟ್ರ್ಯಾಕ್ ಡೇಟಾ ಬಳಸಿ ಪ್ಲೇಟನ್ನು ಸ್ಟೆಬಿಲೈಸ್ ಮಾಡಿ (ಚಲನೆ ಕಳೆದು ನಿಲ್ಲಿಸಿ), ಆ ಮೂಲೆಯನ್ನು ದೊಡ್ಡದು ಮಾಡಿ ಓಡಿಸಿ. ಟ್ರ್ಯಾಕ್ ಸರಿಯಿದ್ದರೆ ಮೂಲೆ ಕಲ್ಲಿನಂತೆ ನಿಂತಿರುತ್ತದೆ. ಯಾವ ಫ್ರೇಮಿನಲ್ಲಿ ಅದು ಹಾರಿತೋ ಆ ಕೀಫ್ರೇಮ್ ಕಳ್ಳ.

ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ 'ಕೀಫ್ರೇಮ್‌ಗೆ ಹೊಂದಿಸು' ಎಂಬ ಆಯ್ಕೆ ಇದೆ. ಅಲ್ಲಿ ಅಳಿಸಿದರೂ ಇದೇ ಪರಿಣಾಮವೇ?

ಅಲ್ಲ, ಅಲ್ಲಿ ಕೀಫ್ರೇಮ್‌ನ ಅರ್ಥವೇ ಬೇರೆ. ಬ್ಲೆಂಡರ್‌ನಲ್ಲಿ ನೀವು ಕೈಯಿಂದ ಇಟ್ಟ ಮಾರ್ಕರ್ ಕೀಫ್ರೇಮ್ ಎನಿಸಿಕೊಳ್ಳುತ್ತದೆ, ಯಂತ್ರ ಹುಡುಕಿದ್ದು ಬರೀ ಟ್ರ್ಯಾಕ್ ಆದ ಮಾರ್ಕರ್. ಹೊಂದಿಸುವ ವಿಧಾನವನ್ನು ಕೀಫ್ರೇಮ್ ಎಂದು ಇಟ್ಟರೆ ಪ್ರತಿ ಹೊಸ ಫ್ರೇಮನ್ನೂ ನೀವು ಕೈಯಿಂದ ಇಟ್ಟ ಆ ಮಾದರಿಯೊಂದಿಗೆ ಹೋಲಿಸುತ್ತದೆ. ಹಿಂದಿನ ಫ್ರೇಮ್ ಎಂದು ಇಟ್ಟರೆ ನೆರೆಯ ಫ್ರೇಮಿನೊಂದಿಗೆ ಹೋಲಿಸುತ್ತದೆ. ಮೊದಲನೆಯದು ಜಾರುವುದಿಲ್ಲ, ಆದರೆ ವಸ್ತುವಿನ ರೂಪ ಬದಲಾದರೆ ಕೈಬಿಡುತ್ತದೆ. ಎರಡನೆಯದು ಸುಲಭಕ್ಕೆ ಕೈಬಿಡುವುದಿಲ್ಲ, ಆದರೆ ಕಿವಿಯಿಂದ ಕಿವಿಗೆ ಹೋದ ಸುದ್ದಿಯಂತೆ ಪ್ರತಿ ಹೆಜ್ಜೆಯ ಸಣ್ಣ ತಪ್ಪು ಸೇರುತ್ತಾ ಹೋಗಿ ಕೊನೆಗೆ ಬಿಂದು ಬೇರೆಲ್ಲೋ ಇರುತ್ತದೆ. ಬ್ರೂಸ್ ಲ್ಯೂಕಸ್ ಮತ್ತು ಟಕಿಯೊ ಕನಾಡೆ 1981ರಲ್ಲಿ ಪ್ರಕಟಿಸಿದ ವಿಧಾನದ ಸಂತತಿಗೆ ಸೇರಿದ ಟ್ರ್ಯಾಕರ್‌ಗಳೆಲ್ಲಕ್ಕೂ ಈ ಎಳೆದಾಟ ಇದ್ದದ್ದೇ.

ಆದ್ದರಿಂದ ಅಂಥ ಕೀಫ್ರೇಮನ್ನು ಅಳಿಸಿದರೆ ಒಂದು ಫ್ರೇಮಿನ ಬೆಲೆಯಷ್ಟೇ ಹೋಗುವುದಿಲ್ಲ, ಹೋಲಿಕೆಯ ಮಾದರಿಯೇ ಹೋಗುತ್ತದೆ. ಮುಂದೆ ಮತ್ತೆ ಟ್ರ್ಯಾಕ್ ಮಾಡಿದರೆ ಇನ್ನೂ ಹಿಂದಿನ, ಹಳೆಯ ಮಾದರಿಯೊಂದಿಗೆ ಹೋಲಿಕೆ ನಡೆಯುತ್ತದೆ. ನ್ಯೂಕ್ ಎಂಬ ಕಾಂಪೋಸಿಟಿಂಗ್ ಸಾಫ್ಟ್‌ವೇರ್‌ನ ಟ್ರ್ಯಾಕರ್‌ನಲ್ಲೂ ಮಾದರಿ ಹಿಡಿದಿಟ್ಟ ಕೀಫ್ರೇಮ್‌ಗಳು ಪ್ರತಿ ಫ್ರೇಮಿನ ಬೆಲೆಗಳಿಂದ ಬೇರೆ.

3ಡಿ ಕ್ಯಾಮೆರಾ ಸಾಲ್ವ್‌ಗೆ ಮುಂಚೆ ಕೆಲವು ಬಿಂದುಗಳ ಮಾರ್ಕರ್ ತೆಗೆದರೆ?

ಸಾಲ್ವ್ ಎಂದರೆ ಬಿಂದುಗಳ ಚಲನೆಯಿಂದ ಕ್ಯಾಮೆರಾ ಹೇಗೆ ಚಲಿಸಿತೆಂದು ಲೆಕ್ಕ ಹಾಕುವುದು. ಇಲ್ಲಿ ಭಯ ಕಡಿಮೆ. ಸಾಲ್ವ್‌ನಲ್ಲಿ ಹತ್ತಾರು ಬಿಂದುಗಳ ಸಾಕ್ಷ್ಯ ಇರುತ್ತದೆ. ಒಂದು ಬಿಂದು ಕೆಲವು ಫ್ರೇಮ್‌ಗಳಲ್ಲಿ ಗೈರುಹಾಜರಾದರೆ ಉಳಿದವು ಲೆಕ್ಕ ಮುಗಿಸುತ್ತವೆ. ಸುಳ್ಳು ಸಾಕ್ಷಿಗಿಂತ ಸಾಕ್ಷಿ ಇಲ್ಲದಿರುವುದೇ ಮೇಲು. ಹಾಗಾಗಿ ಅನುಮಾನದ ಫ್ರೇಮ್‌ಗಳಲ್ಲಿ ಮಾರ್ಕರ್ ಅನ್ನು ನಿಷ್ಕ್ರಿಯ ಮಾಡಿ, ಊಹೆಯಿಂದ ತುಂಬಬೇಡಿ. ಬ್ಲೆಂಡರ್‌ನಲ್ಲಿ ಮಿತಿಯೊಂದಿದೆ: ಸಾಲ್ವ್‌ಗೆಂದು ಆರಿಸುವ ಎ ಮತ್ತು ಬಿ ಎಂಬ ಎರಡು ಕೀಫ್ರೇಮ್‌ಗಳಲ್ಲಿ ಕನಿಷ್ಠ 8 ಬಿಂದುಗಳು ಎರಡರಲ್ಲೂ ಇರಲೇಬೇಕು. ಶುಚಿ ಮಾಡುವ ಉತ್ಸಾಹದಲ್ಲಿ 7ಕ್ಕೆ ಇಳಿಸಿದರೆ ಸಾಲ್ವ್ ಆಗುವುದೇ ಇಲ್ಲ.

ಆಫ್ಟರ್ ಎಫೆಕ್ಟ್ಸ್‌ನ 3ಡಿ ಕ್ಯಾಮೆರಾ ಟ್ರ್ಯಾಕರ್‌ನಲ್ಲಿ ಬಿಂದುಗಳ ಕೀಫ್ರೇಮ್ ಕೈಗೆ ಸಿಗುವುದಿಲ್ಲ, ಬಿಂದುವನ್ನೇ ಅಳಿಸಬಹುದು. ಅಳಿಸಿದಾಗ ಕ್ಯಾಮೆರಾದ ಲೆಕ್ಕ ಮತ್ತೆ ನಡೆಯುತ್ತದೆ. ಓಡಾಡುವ ಮನುಷ್ಯರ ಮೇಲೆ, ನೆಲದ ಪ್ರತಿಫಲನದ ಮೇಲೆ ಕೂತ ಬಿಂದುಗಳು ಮೊದಲು ಹೋಗಲಿ.

ಮೋಕಾ ಎಂಬ ಸಮತಲ ಟ್ರ್ಯಾಕಿಂಗ್ ಸಾಫ್ಟ್‌ವೇರ್‌ನಲ್ಲಿ ಆಕಾರದ ಕೀಫ್ರೇಮ್ ಅಳಿಸಿದರೆ ಟ್ರ್ಯಾಕ್ ಹಾಳಾಗುತ್ತದೆಯೇ?

ಈಗಾಗಲೇ ಮಾಡಿದ ಟ್ರ್ಯಾಕ್ ಹಾಳಾಗುವುದಿಲ್ಲ. ಆಕಾರವೆಂದರೆ 'ಇಲ್ಲಿ ನೋಡು' ಎಂಬ ಸೂಚನೆ, ಟ್ರ್ಯಾಕ್ ಡೇಟಾ ಬೇರೆ. ಮತ್ತೆ ಟ್ರ್ಯಾಕ್ ಮಾಡಿದಾಗ ಮಾತ್ರ ಹೊಸ ಆಕಾರ ಲೆಕ್ಕಕ್ಕೆ ಬರುತ್ತದೆ. ರೋಟೋ ಆಕಾರ ಕಲಾವಿದನ ಕೀಫ್ರೇಮ್ ಆದ್ದರಿಂದ ಅಲ್ಲಿ ಹಳೆಯ ನ್ಯಾಯವೇ ಸರಿ: ಟ್ರ್ಯಾಕ್‌ಗೆ ಕಟ್ಟಿ, ಕೀಫ್ರೇಮ್ ಕಡಿಮೆ ಮಾಡಿ.

ಸ್ಟೆಬಿಲೈಸ್ ಮಾಡುವಾಗ?

ಪೂರ್ತಿ ನಿಲ್ಲಿಸಬೇಕಾದರೆ ಒಂದೂ ಅಳಿಸಬೇಡಿ. ಅಳಿಸಿದಷ್ಟು ನಡುಕ ಚಿತ್ರದಲ್ಲೇ ಉಳಿಯುತ್ತದೆ.

ಕೀಫ್ರೇಮ್ ಅಳಿಸಿದ ಮೇಲೆ ಮೋಷನ್ ಬ್ಲರ್ ಹೊಂದುತ್ತಿಲ್ಲ. ಸಂಬಂಧ ಇದೆಯೇ?

ನೇರ ಸಂಬಂಧ. ಲೇಯರ್‌ನ ಮೋಷನ್ ಬ್ಲರ್ ಹುಟ್ಟುವುದು ಅದರ ಗೆರೆಯ ವೇಗದಿಂದ. ಪ್ಲೇಟ್‌ನಲ್ಲಿ ಕ್ಯಾಮೆರಾ ಆ ಫ್ರೇಮಿನಲ್ಲಿ ಜೋರಾಗಿ ಕೆಳಕ್ಕೆ ಎಗರಿ ಚಿತ್ರ ಮಸುಕಾಗಿದೆ, ಕೀಫ್ರೇಮ್ ಕಡಿಮೆಯಾದ ನಿಮ್ಮ ಗೆರೆಯಲ್ಲಿ ಆ ಎಗರೇ ಇಲ್ಲ, ಬೋರ್ಡ್ ಮಾತ್ರ ಚೂಪಾಗಿ ಎದ್ದು ಕಾಣುತ್ತದೆ. ಜಾಗ ಒಂದು ಪಿಕ್ಸೆಲ್ ತಪ್ಪಿದರೆ ಪ್ರೇಕ್ಷಕ ಕ್ಷಮಿಸಿಯಾನು, ಮಸುಕಾದ ಗೋಡೆಯ ಮೇಲಿನ ಚೂಪಾದ ಬೋರ್ಡನ್ನು ಕ್ಷಮಿಸುವುದಿಲ್ಲ. ತದ್ವಿರುದ್ಧವಾಗಿ, ಒಂದೇ ಫ್ರೇಮಿನಲ್ಲಿ ಲೇಯರ್ ವಿಪರೀತ ಮಸುಕಾದರೆ ಅಲ್ಲೊಂದು ಕೆಟ್ಟ ಕೀಫ್ರೇಮ್ ಉಳಿದುಕೊಂಡಿದೆ ಎಂದು ತಿಳಿಯಿರಿ.

ವಿಡಿಯೋ ಫೈಲ್‌ನೊಳಗಿನ ಕೀಫ್ರೇಮ್ ಕಡಿಮೆ ಮಾಡಿದರೂ ಟ್ರ್ಯಾಕಿಂಗ್ ಕೆಡುತ್ತದೆ ಎನ್ನುತ್ತಾರೆ. ಅದೇ ಕೀಫ್ರೇಮೇ ಇದು?

ಹೆಸರು ಒಂದೇ, ವಂಶ ಬೇರೆ. ವಿಡಿಯೋವನ್ನು ಕುಗ್ಗಿಸಿಡುವ ಎಚ್.264ರಂಥ ಕೋಡೆಕ್‌ಗಳಲ್ಲಿ ಕೀಫ್ರೇಮ್ ಎಂದರೆ ಪೂರ್ತಿಯಾಗಿ ದಾಖಲಾದ ಫ್ರೇಮ್, ಉಳಿದವುಗಳಲ್ಲಿ ಬರೀ ವ್ಯತ್ಯಾಸ ಇರುತ್ತದೆ. ಎಕ್ಸ್264 ಎನ್‌ಕೋಡರ್ ತಾನಾಗಿ ಬಿಟ್ಟರೆ ಎರಡು ಕೀಫ್ರೇಮ್‌ಗಳ ನಡುವೆ 250 ಫ್ರೇಮ್‌ಗಳವರೆಗೂ ಅಂತರ ಬಿಡುತ್ತದೆ. ಕಡಿಮೆ ಬಿಟ್‌ರೇಟ್‌ನ ಫೈಲ್ ಆದರೆ ನಡುವಿನ ಫ್ರೇಮ್‌ಗಳಲ್ಲಿ ಗೋಡೆಯ ಸಣ್ಣ ಬಿರುಕು, ಬಟ್ಟೆಯ ನೇಯ್ಗೆ ಕರಗುತ್ತದೆ, ಹೊಸ ಕೀಫ್ರೇಮ್ ಬಂದಾಗ ದಿಢೀರನೆ ಮರಳುತ್ತದೆ. ಟ್ರ್ಯಾಕರ್ ಆ ಕ್ಷಣ ಮುಗ್ಗರಿಸುತ್ತದೆ. ವಾಟ್ಸಾಪ್‌ನಲ್ಲಿ ಬಂದ ಕ್ಲಿಪ್‌ನ ಮೇಲೆ ಟ್ರ್ಯಾಕ್ ಮಾಡಿ ಎಂದು ಕಳಿಸುವವರಿಗೆ ನಾನು ಕೊಡುವ ಉತ್ತರ ಒಂದೇ: ಕ್ಯಾಮೆರಾದ ಮೂಲ ಫೈಲ್ ಕಳಿಸಿ. ಅದರಿಂದ ಪ್ರೋರೆಸ್ (ವಿವರ ಹೆಚ್ಚು ಉಳಿಸುವ ವಿಡಿಯೋ ಕೋಡೆಕ್), ಇಲ್ಲವೇ ಇಎಕ್ಸ್ಆರ್ ಅಥವಾ ಡಿಪಿಎಕ್ಸ್ ಚಿತ್ರಸರಣಿ ಮಾಡಿಕೊಂಡೇ ಟ್ರ್ಯಾಕ್‌ಗೆ ಇಳಿಯಬೇಕು. ಕೆಟ್ಟ ಫೈಲನ್ನು ಪ್ರೋರೆಸ್ ಮಾಡಿದರೆ ಕಳೆದುಹೋದ ವಿವರ ವಾಪಸ್ ಬರುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅಳಿಸಿ, ಸೇವ್ ಮಾಡಿ, ಮುಚ್ಚಿಬಿಟ್ಟೆ. ಡೇಟಾ ಮರಳಿ ಪಡೆಯಬಹುದೇ?

ಆಫ್ಟರ್ ಎಫೆಕ್ಟ್ಸ್‌ನಲ್ಲಿ ನೀವು ಅಳಿಸಿದ್ದು ಟಾರ್ಗೆಟ್ ಲೇಯರ್‌ನಲ್ಲಿ ಮಾತ್ರ ಆಗಿದ್ದರೆ ಚಿಂತೆಯಿಲ್ಲ. ಮೂಲ ಫೂಟೇಜ್ ಲೇಯರ್‌ನ ಮೋಷನ್ ಟ್ರ್ಯಾಕರ್ಸ್ ಅಡಿಯಲ್ಲಿ ಎಲ್ಲವೂ ಹಾಗೇ ಇರುತ್ತದೆ, ಇನ್ನೊಮ್ಮೆ ಅಪ್ಲೈ ಒತ್ತಿದರೆ ಬರುತ್ತದೆ. ಮೂಲದಲ್ಲೇ ಅಳಿಸಿದ್ದರೆ ಆ ಫ್ರೇಮ್‌ಗಳನ್ನು ಮತ್ತೆ ಅನಲೈಸ್ ಮಾಡಿಸಬೇಕು. ನಾನಂತೂ ಕೈ ಹಾಕುವ ಮೊದಲು ಟ್ರ್ಯಾಕ್ ಕೂತ ಲೇಯರ್ ಅಥವಾ ನೋಡ್‌ನ ನಕಲೊಂದನ್ನು ಮಾಡಿ, 'ಮುಟ್ಟಬೇಡ' ಎಂದು ಹೆಸರಿಟ್ಟು, ಆಫ್ ಮಾಡಿ ಮೂಲೆಗೆ ಸರಿಸಿಡುತ್ತೇನೆ.